ಮಾವನ ಕ್ಯಾಸೆಟ್ಟಿನಲ್ಲಿ ಅತ್ತೆಯ ಜಾಗ

ನಮ್ಮ ಅತ್ತೆಗೆ ಮಾತಾಡಲು ಎದುರಿಗೆ ಮನುಷ್ಯರೇ ಇರಬೇಕೆಂದಿಲ್ಲ. ಒಂದು ಸ್ವರ ಇದ್ದರೆ ಸಾಕು! ಆ ಸ್ವರಕ್ಕೆ ಕೈಕಾಲು ಇದೆಯೋ ಇಲ್ಲವೋ, ಅದಕ್ಕೆ ಇವರ ಮಾತು ಕೇಳಿಸುತ್ತದೋ ಇಲ್ಲವೋ, ಇಂಥ ಸಣ್ಣಪುಟ್ಟ ವಿಷಯಗಳನ್ನು ಅವರು ತಲೆಗೆ ಹಚ್ಚಿಕೊಳ್ಳುವವರಲ್ಲ. ಟಿವಿಯಲ್ಲಿ ವಾರ್ತೆ ಓದುವವನು ‘ನಮಸ್ಕಾರ’ ಎಂದರೆ ಅತ್ತೆ ಸೆರಗು ಸರಿಮಾಡಿಕೊಂಡು ಕೈಮುಗಿಯುತ್ತಾರೆ. ಅವನು ‘ಈಗ ಒಂದು ಸಣ್ಣ ವಿರಾಮ’ ಎಂದರೆ ‘ಅಡ್ಡಿಲ್ಲೆ, ಹೋಯಿ ಬನ್ನಿ’ ಎಂದು ಕಳಿಸಿಕೊಡುತ್ತಾರೆ. ಮೊಬೈಲಿನಲ್ಲಿ ಒಬ್ಬಳು ‘ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ’ ಎನ್ನುತ್ತಾಳಲ್ಲ, ಅವಳ ಮೇಲಂತೂ ಅತ್ತೆಗೆ ವಿಶೇಷ ಕನಿಕರ.

‘ಪಾಪ, ಈ ಹೆಣ್ಣಿಗೆ ಹೊತ್ತಿಗ್ ಸಮಾ ಉಂಬುಕೂ ಬಿಡುದಿಲ್ಲೆ ಕಾಣ್ತ್. ಅಡ್ಡಿಲ್ಲೆ ಮಗಾ, ನಾನ್ ಮತ್ತ್ ಮಾಡ್ತೆ, ನೀ ಬೇಜಾರ್ ಮಾಡ್ಕಣ್‌ಬೇಡ’ ಎಂದು ಹೇಳಿಯೇ ಫೋನು ಇಡುವುದು.

ನಾನೊಮ್ಮೆ ತಡೆಯಲಾರದೆ ಹೇಳಿದೆ, ‘ಅತ್ತೆ, ಅದು ಎಂದೋ ರೆಕಾರ್ಡ್ ಮಾಡಿ ಇಟ್ಟದ್ದು. ಅವಳು ಅಲ್ಲಿ ಇಲ್ಲ.’

‘ಇರ್ಲಿಯೆ. ರೆಕಾರ್ಡ್ ಮಾಡುವತಿಗೆ ಮಾತಾಡ್ದ್ ಮನ್ಷರೇ ಅಲ್ದಾ? ಮಾತಾಡ್ದವ್ರಿಗೆ ಒಂದ್ ಹೂಂ ಅನ್ದೇ ಇಪ್ಪುಕೆ ನಾನೆಂತ ಕಂಬವಾ?’

ಇದಕ್ಕೆ ಉತ್ತರ ಕೊಡಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬಾರ್ಕೂರಿಗೆ ಬನ್ನಿ. ನಾನು ಸೋತಿದ್ದೇನೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗದ್ದೆ, ಅಷ್ಟೇ. ಅವರು ಆ ಕಡೆಯಿಂದ ‘ಹ್ವಾಯ್’ ಎಂದರೆ ಈ ಕಡೆ ನನ್ನ ಕೈಯ ಚಹಾ ಚೆಲ್ಲುತ್ತದೆ. ಮಾವ, ಅಂದರೆ ಅತ್ತೆಯ ಗಂಡ, ಪ್ರಾಯಕ್ಕೆ ಬರುವ ಮೊದಲೇ ಮುಂಬೈಗೆ ಹೋಗಿ ಹೋಟೆಲು ಸೇರಿದವರು. ವರ್ಷಕ್ಕೊಮ್ಮೆ ಬರುವುದು, ಹಲಸಿನಹಣ್ಣು ತಿನ್ನುವುದು, ಹೋಗುವುದು. ಕೊನೆಗೊಮ್ಮೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರೇನೋ ಹೌದು. ಬಂದು ಎರಡು ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು. ಅದಾಗಿ ಕೆಲವು ವರ್ಷವಾಯಿತು. ಅತ್ತೆ ಈಗ ಮಗ-ಸೊಸೆಯ ಜೊತೆಗಿದ್ದಾರೆ. ಮಗನಿಗೆ, ಅಂದರೆ ನನ್ನ ಬಾವನಿಗೆ, ಬ್ರಹ್ಮಾವರದಲ್ಲಿ ಪಾತ್ರೆ ಅಂಗಡಿ.

ನಾನು ಹೈಸ್ಕೂಲಿನಲ್ಲಿ ಟೀಚರು. ಮಕ್ಕಳ ಹಾಜರಿ, ಅಂಕ, ಬಿಸಿಯೂಟದ ಮೊಟ್ಟೆ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿ ತುಂಬಿಸಿ ಬೆನ್ನು ಬಿಲ್ಲಾಗಿದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ‘ಇವಳಿಗೆ ಕಂಪ್ಯೂಟರ್ ಗೊತ್ತು’ ಎಂದು ಹೆಸರು ಬಿದ್ದರೆ ಮುಗಿಯಿತು, ಅವರ ಭಾನುವಾರಗಳನ್ನು ಆ ಕುಟುಂಬ ಹಂಚಿಕೊಂಡು ತಿನ್ನುತ್ತದೆ! ಹಾಗೆ ಒಂದು ದಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಹಳೆಯ ಫೋಟೋ, ಕ್ಯಾಸೆಟ್ಟು ಎಲ್ಲ ಹಾಳಾಗುತ್ತಿವೆ, ಡಿಜಿಟಲ್ ಮಾಡಬೇಕು’ ಎಂದು ಬರೆದರು. ಎಲ್ಲರೂ ಹೆಬ್ಬೆರಳು ಎತ್ತಿದರು. ಬಾವ ಬರೆದ, ‘ಅದೆಲ್ಲ ಅವ್ಳ್ ಮಾಡ್ತ್ಳ್.’ ಅವಳು ಎಂದರೆ ಯಾರು ಎಂದು ಒಬ್ಬರೂ ಕೇಳಲಿಲ್ಲ.

ಮೊದಲು ಫೋಟೋ. ಗೋಡೆಯ ಮೇಲಿದ್ದುದು, ಟ್ರಂಕಿನಲ್ಲಿದ್ದುದು, ದೇವರ ಪಟದ ಹಿಂದೆ ಸಿಕ್ಕಿಸಿಟ್ಟದ್ದು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿಗೆ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಅತ್ತೆಗೆ ತೋರಿಸಿದೆ. ಅತ್ತೆ ಹೌಹಾರಿದರು.

‘ಇವ್ರಿಬ್ರನ್ನ ಒಂದೇ ಕಡಿ ಹಾಕಿದ್ಯಾ? ತೆಗಿ, ತೆಗಿ!’

ಇವರಿಬ್ಬರು ಎಂದರೆ ಅತ್ತೆಯ ದೊಡ್ಡ ಮೈದುನ ಮತ್ತು ಸಣ್ಣ ಮೈದುನ. ಗದ್ದೆಗೆ ನೀರು ಬಿಡುವ ವಿಷಯದಲ್ಲಿ ಮಾತು ಬಿಟ್ಟವರು, ಮಾತು ಬಿಟ್ಟುಕೊಂಡೇ ಹೋದವರು. ಇಬ್ಬರೂ ಈಗ ಇಲ್ಲ.

‘ಅತ್ತೆ, ಇಬ್ಬರೂ ತೀರಿಕೊಂಡಿದ್ದಾರೆ. ಇನ್ನು ಎಂಥ ಜಗಳ?’

‘ನಿಂಗ್ ಗೊತ್ತಿಲ್ಲೆ. ಬೇರೆ ಬೇರೆ ಹಾಕ್.’

ಹಾಕಿದೆ! ಆಮೇಲೆ ಆ ಇಬ್ಬರ ಕಡೆಯವರನ್ನು ಬೇರೆ ಬೇರೆ ಮಾಡಬೇಕಾಯಿತು. ಎರಡೂ ಕಡೆಗೆ ಸೇರದವರಿಗೆ ಮೂರನೆಯದು ಬೇಕಾಯಿತು. ಎರಡೂ ಮನೆಯ ಊಟಕ್ಕೆ ಹೋಗುತ್ತಿದ್ದ ಒಬ್ಬ ಚಿಕ್ಕಪ್ಪನನ್ನು ಎಲ್ಲಿಡುವುದೆಂದು ಗೊತ್ತಾಗದೆ ಅವರು ಇಂದಿಗೂ ನನ್ನ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಒಬ್ಬರೇ ಕೂತಿದ್ದಾರೆ. ಶಾಲೆಯ ಅಂಕಪಟ್ಟಿ ತೆರೆಯುವಾಗೆಲ್ಲ ನನ್ನ ಮುಖ ನೋಡುತ್ತಾರೆ.

ಆಮೇಲೆ ಬಂತು ಕ್ಯಾಸೆಟ್ಟಿನ ಡಬ್ಬ.

ಇದು ಏನೆಂದು ಸ್ವಲ್ಪ ಹೇಳಬೇಕು. ಮಾವ ಮುಂಬೈಯಲ್ಲಿದ್ದಾಗ ಮನೆಗೆ ಕಾಗದ ಬರೆಯುತ್ತಿರಲಿಲ್ಲ. ಬರೆಯಲು ಬರುತ್ತಿತ್ತು. ಆದರೆ ಅತ್ತೆಗೆ ಓದಲು ಬರುತ್ತಿರಲಿಲ್ಲ. ಬೇರೆಯವರು ಗಟ್ಟಿಯಾಗಿ ಓದಿ ಹೇಳಬೇಕು. ಗಂಡ ಹೆಂಡತಿಗೆ ಬರೆದದ್ದನ್ನು ಅತ್ತೆಯ ಮಾವನವರು ಜಗಲಿಯಲ್ಲಿ ಕೂತು ಊರಿಗೇ ಕೇಳುವ ಹಾಗೆ ಓದಿದರೆ ಹೇಗಿರುತ್ತದೆ ಹೇಳಿ! ಅದಕ್ಕೆ ಮಾವ ಒಂದು ಉಪಾಯ ಕಂಡುಕೊಂಡರು. ರಜೆಯಲ್ಲಿ ಬಂದಾಗ ಒಂದು ಟೇಪ್‌ರೆಕಾರ್ಡರು ತಂದು ಮನೆಯಲ್ಲಿಟ್ಟರು. ಅಲ್ಲಿ ಹೋಟೆಲಿನ ಗೆಳೆಯರ ಹತ್ತಿರ ಇನ್ನೊಂದು ಇತ್ತು. ಅಲ್ಲಿ ಮಾತಾಡಿ ತುಂಬಿಸುವುದು, ಊರಿಗೆ ಹೊರಟ ಯಾರ ಕೈಯಲ್ಲಾದರೂ ಕ್ಯಾಸೆಟ್ಟು ಕಳಿಸುವುದು. ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದು ಇಳಿದವರು ನೆಂಟರ ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಕೊಟ್ಟು ಹೋಗುತ್ತಿದ್ದರು.

ಇಲ್ಲಿಂದ ಅಲ್ಲಿಗೆ ಮಾತ್ರ ಕ್ಯಾಸೆಟ್ಟು ಹೋಗುತ್ತಿರಲಿಲ್ಲ. ಅತ್ತೆಗೆ ಆ ಕೆಂಪು ಗುಂಡಿಯ ಮೇಲೆ ಭಯ. ಅದನ್ನು ಒತ್ತಿದರೆ ಇದ್ದದ್ದು ಅಳಿಸಿಹೋಗುತ್ತದೆ ಎಂದು ಯಾರೋ ಹೇಳಿಬಿಟ್ಟಿದ್ದರು. ಹಾಗಾಗಿ ಇವರ ಕಡೆಯಿಂದ ಹೋಗುತ್ತಿದ್ದದ್ದು ನನ್ನ ಅಪ್ಪನ ಕೈಯಲ್ಲಿ ಬರೆಸಿದ ಕಾರ್ಡು ಮಾತ್ರ. ‘ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ.’ ಅಪ್ಪನಿಗೆ ಅದಕ್ಕಿಂತ ಹೆಚ್ಚು ಬರೆಯಲು ಸೋಮಾರಿತನ.

ಮಾವ ಹೊಸ ಕ್ಯಾಸೆಟ್ಟು ಕೊಳ್ಳುವ ಜಾತಿಯಲ್ಲ. ಯಕ್ಷಗಾನದ ಹಳೆಯ ಕ್ಯಾಸೆಟ್ಟು ತಂದು, ಮೇಲೆ ಮತ್ತೆ ರೆಕಾರ್ಡಾಗದಂತೆ ತಡೆಯುವ ಅದರ ನೆತ್ತಿಯ ತೂತಿಗೆ ಕಾಗದ ತುರುಕಿ, ಅದರ ಮೇಲೆಯೇ ಮಾತಾಡುತ್ತಿದ್ದರು. ಮಾವನ ಮಾತು ಮುಗಿದ ಜಾಗದಲ್ಲಿ ಅಡಿಯಲ್ಲಿದ್ದ ಯಕ್ಷಗಾನ ಹಾಗೆಯೇ ಉಳಿದಿರುತ್ತಿತ್ತು. ‘ಮಕ್ಕಳನ್ನ ಚಂದ ಮಾಡಿ ಕಾಣ್ಕಂಡ್ ಇರ್. ಇಡ್ತೆ’ ಎಂದು ಮೆತ್ತಗೆ ಹೇಳಿದ ಮರುಗಳಿಗೆ ಚಂಡೆ ಬಡಿದು ಒಬ್ಬ ರಾಕ್ಷಸ ಅಬ್ಬರಿಸುತ್ತಿದ್ದ! ಬಾವ ಸಣ್ಣವನಿದ್ದಾಗ ಅಪ್ಪನ ಸ್ವರ ಕೇಳಿಸಿದರೆ ಸಾಕು, ಮುಂದೆ ಏನು ಬರುತ್ತದೆಂದು ಗೊತ್ತಿದ್ದುದರಿಂದ, ಮೊದಲೇ ಹೋಗಿ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಯ ಹಿಂದೆ ಕೂರುತ್ತಿದ್ದನಂತೆ. ವರ್ಷಕ್ಕೊಮ್ಮೆ ಮಾವ ಮನೆಗೆ ಬಂದು ಬಾಗಿಲಲ್ಲಿ ನಿಂತು ‘ಮಗಾ’ ಎಂದರೂ ಓಡಿ ಅಲ್ಲಿಗೇ!

ಮನೆಯ ಟೇಪ್‌ರೆಕಾರ್ಡರು ಸತ್ತು ವರ್ಷಗಳೇ ಆಗಿದ್ದವು. ಅತ್ತೆ ಕ್ಯಾಸೆಟ್ಟಿನಲ್ಲಿ ಮಾವನ ಸ್ವರ ಕೇಳದೆಯೂ ಅಷ್ಟೇ ವರ್ಷ. ಡಬ್ಬ ನನ್ನ ಕೈಗೆ ಕೊಡುವಾಗ ‘ಒಂದ್ ಸಲ ಕೇಂಬ ಹಾಂಗ್ ಮಾಡಿಕೊಡ್ ಮಗಾ, ನಿಂಗ್ ಪುಣ್ಯ ಬತ್ತ್’ ಎಂದರು. ಪುಣ್ಯ ಬಂದರೆ ಯಾವ ಫೋಲ್ಡರಿನಲ್ಲಿಡಲಿ ಎಂದು ಕೇಳುವಷ್ಟು ದಣಿದಿದ್ದೆ. ಆದರೆ ಅವರ ಮುಖ ನೋಡಿ ಸುಮ್ಮನಾದೆ.

ಕ್ಯಾಸೆಟ್ಟುಗಳ ಮೇಲೆ ಒಂದಕ್ಷರ ಇಲ್ಲ. ಒಂದಕ್ಕೆ ಕೆಂಪು ನೂಲು, ಒಂದಕ್ಕೆ ಬಾಳೆನಾರು, ಒಂದಕ್ಕೆ ಕೂದಲಿನ ರಬ್ಬರು. ಫೈಲಿಗೆ ಹೆಸರು ಕೊಡಬೇಕು, ಯಾವುದು ಯಾವಾಗಿನದು ಹೇಳಿ ಎಂದೆ. ಅತ್ತೆ ಒಂದೊಂದನ್ನೇ ಎತ್ತಿ ಹೇಳಿದರು. ‘ಇದ್ ಹೊಟ್ಟಿನೋವಿಂದ್. ಇದ್ ಜಗಳದ್. ಇದ್ ಜಗಳ ಮುಗ್ದದ್.’ ಬಾಳೆನಾರಿನದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದ್ ಮತ್ತ್ ಶುರುವಾದದ್’ ಎಂದರು. ನನ್ನ ಕಂಪ್ಯೂಟರಿನಲ್ಲಿ ಫೈಲುಗಳು ಇವತ್ತಿಗೂ ಅದೇ ಹೆಸರಿನಲ್ಲಿವೆ.

ಕುಂದಾಪುರದಲ್ಲಿ ರಿಪೇರಿಯವನೊಬ್ಬನ ಅಂಗಡಿಯ ಅಟ್ಟದಿಂದ ಹಳೆಯ ಟೇಪ್‌ರೆಕಾರ್ಡರು ಹುಡುಕಿಸಿ ತಂದೆ. ಕ್ಯಾಸೆಟ್ಟು ಹಾಕಿ, ಪಕ್ಕದಲ್ಲಿ ನನ್ನ ಮೊಬೈಲಿಟ್ಟು, ಅದರಲ್ಲಿ ರೆಕಾರ್ಡು ಮಾಡಿದರಾಯಿತು ಎಂದು ನನ್ನ ಲೆಕ್ಕ. ಅತ್ತೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಎದುರಿಗೆ ಕೂತರು. ಮಾತಾಡಬೇಡಿ ಎಂದು ಹೇಳಿದ್ದೆ. ಹೇಳಿದ್ದಷ್ಟೇ! ಮಾವ ಒಂದು ಮಾತಾಡಿದರೆ ಇವರು ಎರಡು. ನಡುವೆ ಒಳಗಿನಿಂದ ಕುಕ್ಕರು ಕೂಗಿತು. ಆಮೇಲೆ ನಾನು ಮೊಬೈಲಿನಲ್ಲಿ ಕೇಳಿದ್ದು ಹೀಗಿದೆ. ಮಾವ ಮುಂಬೈಯಿಂದ ಬಹಳ ಪ್ರೀತಿಯಲ್ಲಿ ‘ಮನಿಯಂಗೆ ಎಲ್ಲಾ ಹ್ಯಾಂಗಿದ್ರಿ?’ ಎಂದು ಕೇಳುತ್ತಾರೆ. ಅದಕ್ಕೆ ಮೀನು ಮಾರುವವಳು ಅಂಗಳದಿಂದ ‘ಬಂಗುಡೆ ಇತ್ತೇ, ತಾಜಾ ಇತ್ತ್!’ ಎಂದು ಉತ್ತರ ಕೊಡುತ್ತಾಳೆ. ಮಾವ ಸಮಾಧಾನದಲ್ಲಿ ‘ಒಳ್ಳೇದಾಯ್ತ್’ ಎನ್ನುತ್ತಾರೆ!

ಇದು ಆಗುವ ಹೋಗುವ ಕೆಲಸ ಅಲ್ಲವೆಂದು ಅದನ್ನು ಅಳಿಸಿ, ಮತ್ತೆ ಕುಂದಾಪುರಕ್ಕೆ ಹೋಗಿ ವಯರು ತಂದೆ. ಟೇಪ್‌ರೆಕಾರ್ಡರಿನಿಂದ ನೇರ ಕಂಪ್ಯೂಟರಿಗೆ. ಅತ್ತೆಯ ಬಾಯಿಗೂ ಬಂಗುಡೆಗೂ ನಡುವೆ ನುಸುಳಲು ಜಾಗವೇ ಇಲ್ಲ. ಸ್ಪೀಕರು ಮುಚ್ಚಿ, ನಮ್ಮ ಮನೆಯಲ್ಲೇ, ಶಾಲೆಯಿಂದ ಬಂದ ಮೇಲೆ ದಿನಕ್ಕೊಂದರಂತೆ ಹಾಕಿದೆ. ಅದು ಓಡುತ್ತಿತ್ತು, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮುಗಿದ ಮೇಲೆ ನೋಡಿದರೆ ಎಲ್ಲ ಕ್ಯಾಸೆಟ್ಟಿನಲ್ಲೂ ಅಲ್ಲಲ್ಲಿ ಖಾಲಿ. ಸ್ವಲ್ಪ ಮಾತು, ಉದ್ದಕ್ಕೆ ಖಾಲಿ, ಮತ್ತೆ ಸ್ವಲ್ಪ ಮಾತು. ಟೇಪು ಹಳತಾಗಿ ಹೀಗಾಗಿದೆ, ಇಲ್ಲವೇ ಮಾವ ಏನು ಹೇಳಬೇಕೆಂದು ತೋಚದೆ ತಲೆ ಕೆರೆದುಕೊಂಡಿದ್ದಾರೆ ಅಂದುಕೊಂಡೆ. ನನ್ನ ಕಂಪ್ಯೂಟರಿನಲ್ಲಿ ಒಂದು ಸೌಕರ್ಯ ಇದೆ. ಒಂದು ಗುಂಡಿ ಒತ್ತಿದರೆ ಖಾಲಿ ಇರುವ ಜಾಗವನ್ನೆಲ್ಲ ಅದೇ ಹುಡುಕಿ ಕತ್ತರಿಸಿ ಹಾಕುತ್ತದೆ. ಒತ್ತಿದೆ. ಎಷ್ಟು ಚೆಂದ! ಗಂಟೆಗಟ್ಟಲೆಯ ಮಾವ ಅರ್ಧಕ್ಕೆ ಇಳಿದರು. ಜಾಗ ಉಳಿಯಲಿ ಎಂದು ಉದ್ದದ್ದನ್ನು ಅಳಿಸಿಯೂ ಬಿಟ್ಟೆ. ಗುಂಪಿಗೆ ಕಳಿಸಿದೆ. ಎಲ್ಲರೂ ಕೈಮುಗಿದರು, ಚಪ್ಪಾಳೆ ತಟ್ಟಿದರು. ಕೇಳಿದ್ದು ಮಾತ್ರ ಒಬ್ಬರೂ ಅಲ್ಲ ಎಂದು ನನ್ನ ಅನುಮಾನ.

ಡಬ್ಬ ಅತ್ತೆಗೆ ಹಿಂದಿರುಗಿಸುತ್ತ ‘ಎಲ್ಲ ಕಂಪ್ಯೂಟರಿನೊಳಗೆ ಹೋಯಿತು ಅತ್ತೆ, ಇನ್ನು ಹೆದರಿಕೆ ಇಲ್ಲ’ ಎಂದೆ.

‘ಎಲ್ಲಾ ಹೋಯ್ತಾ?’

‘ಎಲ್ಲ ಹೋಯಿತು.’

ಮುಂದಿನ ಭಾನುವಾರ ಒಂದು ಸಣ್ಣ ಸ್ಪೀಕರು, ಅದಕ್ಕೆ ಸಿಕ್ಕಿಸಿದ ಪೆನ್‌ಡ್ರೈವು ಹಿಡಿದುಕೊಂಡು ಹೋದೆ. ಅತ್ತೆ ಮತ್ತೆ ಒಳ್ಳೆಯ ಸೀರೆ. ಗುಂಡಿ ಒತ್ತಿದೆ. ಮಾವ ಸ್ಪಷ್ಟವಾಗಿ ಮಾತಾಡಿದರು, ಮೊದಲು ತಮ್ಮ ಅಬ್ಬಿಯ, ಅಂದರೆ ತಾಯಿಯ, ವಿಚಾರ.

‘ಅಬ್ಬಿ ಕಾಲ್ ನೋವ್ ಹ್ಯಾಂಗಿತ್ತ್? ಹಾಂ, ಹಾಂಗೇ ಎಣ್ಣಿ ಹಚ್ತಾ ಇರ್. ದನ ಕರು ಹಾಕ್ತಾ? ಒಳ್ಳೇದಾಯ್ತ್. ನೀ ಸಮಾ ಉಣ್ತ್ಯಾ ಇಲ್ಯಾ? ಸುಳ್ಳ್ ಹೇಳ್ಬೇಡ.’

ಅತ್ತೆ ಬಾಯಿ ತೆರೆದರು. ಆಗಲೇ ಮಾವ ಮುಂದೆ ಹೋಗಿದ್ದರು. ಮತ್ತೆ ಬಾಯಿ ತೆರೆದರು. ಮಾವ ಇನ್ನೂ ಮುಂದೆ. ಠಾಣೆಯಲ್ಲಿ ವಿಚಾರಣೆ ಮಾಡುವವರ ಹಾಗೆ ಪ್ರಶ್ನೆಯ ಮೇಲೆ ಪ್ರಶ್ನೆ! ಒಂದು ‘ಹೂಂ’ ಅರ್ಧಕ್ಕೆ ನಿಂತು, ಅತ್ತೆ ತುಟಿ ಮುಚ್ಚಿದರು. ಸ್ವಲ್ಪ ಹೊತ್ತು ಕೇಳಿ ಹೇಳಿದರು, ‘ಇದ್ ಅವ್ರಲ್ಲ.’

‘ಅತ್ತೆ, ಮಾವನದ್ದೇ ಸ್ವರ!’

‘ಸ್ವರ ಅವ್ರದ್ದೇ. ಆರೆ ಅವ್ರಲ್ಲ. ಅವ್ರ್ ಕೇಂಡ್ ಮೇಲೆ ಕಾಯ್ತಿದ್ರ್.’

ಆಮೇಲೆ ನಿಧಾನಕ್ಕೆ ಹೊರಬಂತು. ಮೊಟ್ಟಮೊದಲ ಕ್ಯಾಸೆಟ್ಟಿನಲ್ಲಿ ಮಾವ ಒಂದೇ ಉಸಿರಿಗೆ ಮಾತಾಡಿ ಮುಗಿಸಿದ್ದರಂತೆ. ರಜೆಯಲ್ಲಿ ಬಂದಾಗ ಅತ್ತೆ ಜೋರು ಮಾಡಿದರಂತೆ. ‘ನೀವ್ ಮಾತಾಡ್ತಾ ಹೋತ್ರಿ. ನಂಗ್ ಉತ್ತರ ಹೇಳುಕೆ ಎಡೆಯೇ ಇಲ್ಲೆ. ಇದೆಂತ ಮಾತಾ, ಭಾಷಣವಾ?’ ಅಂದಿನಿಂದ ಮಾವ ಒಂದು ಪ್ರಶ್ನೆ ಕೇಳಿದರೆ, ಅತ್ತೆ ಅದಕ್ಕೆ ಉತ್ತರ ಹೇಳಿ ಮುಗಿಸುವಷ್ಟು ಹೊತ್ತು, ಅಲ್ಲಿ ಮುಂಬೈಯಲ್ಲಿ, ಓಡುತ್ತಿರುವ ಟೇಪಿನ ಎದುರು ಸುಮ್ಮನೆ ಕೂತಿರುತ್ತಿದ್ದರು. ಟೇಪು ನಿಂತ ಮೇಲೆ ಹೋಟೆಲಿನವರೆಲ್ಲ ನಗುತ್ತಿದ್ದರಂತೆ. ಇಲ್ಲಿ ಅತ್ತೆ ಕದ ಹಾಕಿಕೊಂಡು ಆ ಜಾಗದಲ್ಲಿ ಉತ್ತರ ಹೇಳುತ್ತಿದ್ದರು. ಅತ್ತೆಯ ಉತ್ತರ ಮಾವನಿಗೆ ತಲುಪುತ್ತಿರಲಿಲ್ಲ ನಿಜ. ಆದರೆ ಹೇಳುವುದಕ್ಕೆ ಜಾಗ ಇತ್ತು. ಆ ಮನೆಯಲ್ಲಿ ಅತ್ತೆಗೆ ತನ್ನ ಮಾತು ಪೂರ್ತಿ ಹೇಳಲು ಇದ್ದ ಜಾಗ ಅದೊಂದೇ.

ಅದನ್ನೇ ನಾನು ಗುಂಡಿ ಒತ್ತಿ ಕತ್ತರಿಸಿದ್ದೆ. ಆದರೂ ಧೈರ್ಯ ತಂದುಕೊಂಡೆ. ಕ್ಯಾಸೆಟ್ಟು ಇದೆಯಲ್ಲ!

‘ಬೇಜಾರು ಮಾಡಬೇಡಿ ಅತ್ತೆ. ಡಬ್ಬ ಕೊಡಿ, ಮೊದಲಿನಿಂದ ಮಾಡುತ್ತೇನೆ.’

ಅತ್ತೆ ಕಿಟಕಿಯ ಹೊರಗೆ ಕೈ ತೋರಿಸಿದರು.

ನಮ್ಮ ಎರಡು ಮನೆಗಳ ನಡುವಿನ ಗದ್ದೆಯಲ್ಲಿ ಪೈರಿನ ಮೇಲೆ ಗೂಟದಿಂದ ಗೂಟಕ್ಕೆ ಕಂದು ಬಣ್ಣದ ಟೇಪು ಬಿಗಿದು ಕಟ್ಟಿತ್ತು. ಗಾಳಿಗೆ ಬಿಸಿಲಲ್ಲಿ ಹೊಳೆಯುತ್ತ ಗುಂಯ್ ಎನ್ನುತ್ತಿತ್ತು. ನಮ್ಮ ಕಡೆ ಈಗ ನವಿಲಿನ ಕಾಟ ವಿಪರೀತ. ಹಳೆಯ ಕ್ಯಾಸೆಟ್ಟಿನ ಟೇಪು ಕಟ್ಟಿದರೆ ಆ ಸದ್ದಿಗೆ ಅವು ಬರುವುದಿಲ್ಲವೆಂದು ಗದ್ದೆ ಮಾಡುವವರ ನಂಬಿಕೆ. ಅವರು ‘ಹಳಿ ಕ್ಯಾಸೆಟ್ ಇತ್ತಾ ಅಮ್ಮಾ?’ ಎಂದು ಕೇಳಿದ್ದಾರೆ. ಅತ್ತೆ ಡಬ್ಬವನ್ನೇ ಎತ್ತಿ ಕೊಟ್ಟಿದ್ದಾರೆ!

‘ಅತ್ತೆ! ಯಾಕೆ ಕೊಟ್ಟಿರಿ?’

‘ನೀನೇ ಹೇಳಿದ್ಯಲೆ, ಎಲ್ಲಾ ಒಳ್ಗ್ ಹೋಯ್ತ್ ಅಂದೆಳಿ? ಕೊಡಪಾನದಂಗಿಪ್ಪು ನೀರ್ ಹಂಡಿಗ್ ಹೊಯ್ದ್ ಮೇಲೆ ಕೊಡಪಾನದಂಗ್ ಎಂತ ಉಳಿತ್ತ್?’

ಹೊಯ್ದರೂ ಮೊದಲಿನದರಲ್ಲಿ ಹಾಗೆಯೇ ಉಳಿಯುವ ನೀರನ್ನು ಅವರು ಎಲ್ಲಿ ನೋಡಿದ್ದಾರೆ? ನಾನಾದರೂ ಎಲ್ಲಿ ನೋಡಿದ್ದೇನೆ? ಗದ್ದೆಯ ಬದುವಿನಲ್ಲಿ ಹೋಗಿ ನೋಡಿದೆ. ತುಂಡು ತುಂಡು ಮಾಡಿ ಗಂಟು ಹಾಕಿದ್ದರು. ಅಷ್ಟರಲ್ಲಿ ಒಂದೆರಡು ಮಳೆಯೂ ಬಿದ್ದಿತ್ತು. ಬದುಕಿದ್ದಾಗ ಒಂದು ಕೋಳಿಯನ್ನೂ ಹುಶ್ ಎನ್ನದ ಮಾವ ಗದ್ದೆಯ ತುಂಬ ನಿಂತು ನವಿಲು ಓಡಿಸುತ್ತಿದ್ದರು. ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸ್ಪೀಕರಿಗೆ ಟವೆಲು ಮುಚ್ಚಿ ಮೂಲೆಗಿಟ್ಟರು. ಟಿವಿಯವನು ನಮಸ್ಕಾರ ಎಂದಾಗ ಸುಮ್ಮನೆ ಕೂತಿದ್ದರು ಎಂದು ಬಾವನ ಹೆಂಡತಿ ಗಾಬರಿಯಲ್ಲಿ ಬಂದು ಹೇಳಿದಳು. ಮೂರು ಹೊತ್ತೂ ಮಾತಾಡಿ ನಮ್ಮ ತಲೆ ತಿಂದವರು ಹೀಗೆ ಕೂತರೆ ಮನೆಯವರಿಗೆ ಸಹಿಸಲಾಗುತ್ತದೆಯೇ?

ಕೊನೆಗೆ ನಾನೇ ಲ್ಯಾಪ್‌ಟಾಪು ಕಂಕುಳಲ್ಲಿಟ್ಟುಕೊಂಡು ಹೋಗಿ ಹೇಳಿದೆ, ‘ಅತ್ತೆ, ಕತ್ತರಿಸಿದ ಜಾಗವನ್ನು ಮತ್ತೆ ಹಾಕಬಹುದು. ಆದರೆ ಎಲ್ಲಿ ಎಷ್ಟು ಇತ್ತೆಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತುಂಟಾ?’

‘ಗೊತ್ತಿಲ್ದೇ ಎಂತ? ನಾನೇ ಅಲ್ದಾ ಮಾತಾಡ್ದ್!’

ಶುರುವಾಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾವ ಒಂದು ಪ್ರಶ್ನೆ ಕೇಳುವುದು, ನಾನು ಅಲ್ಲಿ ನಿಲ್ಲಿಸುವುದು, ಅತ್ತೆ ಅದಕ್ಕೆ ಅಂದು ಹೇಳಿದ ಉತ್ತರವನ್ನು ಇಂದು ಇನ್ನೊಮ್ಮೆ ಹೇಳುವುದು, ಅದಕ್ಕೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಖಾಲಿಯನ್ನು ನಾನು ತುಂಬುವುದು. ಖಾಲಿಯನ್ನು ತುಂಬುವ ಕೆಲಸಕ್ಕೆ ಬಿ.ಎಡ್. ಮಾಡಿದವಳು ಬೇಕಾಯಿತು ನೋಡಿ! ಕಾಲು ನೋವಿದ್ದ ಅಬ್ಬಿ ತೀರಿ ಎಷ್ಟೋ ವರ್ಷ. ಇವರು ಮಾತ್ರ ಯಾವ ಎಣ್ಣೆ, ಯಾರು ತಂದುಕೊಟ್ಟದ್ದು, ಹಚ್ಚುವಾಗ ಆ ಮುದುಕಿ ಏನೆಂದು ಬೈದದ್ದು, ಎಲ್ಲವನ್ನೂ ಬಿಡದೆ ಹೇಳುತ್ತಿದ್ದರು.

‘ಇಷ್ಟು ಹೊತ್ತು ಕಾಯುತ್ತಿದ್ದರಾ ಮಾವ?’

‘ಕಾಯ್ದೇ ಎಲ್ಲಿಗ್ ಹೋತ್ರ್? ಬೊಂಬಾಯಂಗ್ ಅವ್ರಿಗ್ ಯಾರಿದ್ರ್?’

ಕೆಲವೊಮ್ಮೆ ಕಾಲ ಅದಲುಬದಲಾಗುತ್ತಿತ್ತು. ಮಾವ ‘ಗಂಡ್ ಶಾಲಿಗ್ ಹೋತ್ನಾ?’ ಎಂದು ಕೇಳಿದರೆ ಅತ್ತೆ ‘ಅವ್ನ್ ಬ್ರಹ್ಮಾವರದಂಗ್ ಅಂಗಡಿ ಹಾಕ್ದ, ಚಂದ ನಡಿತಾ ಇತ್ತ್, ನೀವ್ ಮಂಡಿಬಿಸಿ ಮಾಡ್ಕಣ್‌ಬೇಡಿ’ ಎಂದರು.

‘ಅತ್ತೆ, ಆಗ ಬಾವ ಚಡ್ಡಿ ಹಾಕಿಕೊಂಡು ಅಕ್ಕಿಮುಡಿಯ ಹಿಂದೆ ಕೂತಿದ್ದ. ಅಂಗಡಿ ಎಲ್ಲಿಂದ ಬಂತು?’

‘ಹೇಳಿರೆ ಎಂತ ಆತ್ತ್? ಅವ್ರಿಗೂ ಖುಶಿ ಆಯ್ಲಿ.’

ಬಾಳೆನಾರಿನ ಕ್ಯಾಸೆಟ್ಟಿನಲ್ಲಿ ಒಂದು ಪ್ರಶ್ನೆಗೆ ಅತ್ತೆ ಮಾತೇ ಆಡಲಿಲ್ಲ. ಮುಖ ಊದಿಸಿಕೊಂಡು ಕೂತರು. ‘ಇದಕ್ ನಾನ್ ಮಾತಾಡ್ಲಿಲ್ಲೆ. ಸಿಟ್ಟ್ ಬಂದಿತ್ತ್’ ಎಂದರು. ಹಾಗಾದರೆ ಇಲ್ಲಿ ಜಾಗ ಬೇಡವಲ್ಲ ಎಂದು ನಾನು ಖುಷಿಯಲ್ಲಿ ಮುಂದೆ ಹೋಗಲು ನೋಡಿದೆ.

‘ಬೇಡ್ದೇ ಎಂತ? ಸಿಟ್ಟ್ ಮಾಡ್ಕಂಡ್ ಕೂಕಂಬುಕೆ ಜಾಗ ಬ್ಯಾಡ್ದಾ ಮಾರಾಯ್ತಿ?’

ಇಟ್ಟೆ! ಸಿಟ್ಟಿಗೂ ಜಾಗ ಇಟ್ಟೆ. ಎಷ್ಟು ಭಾನುವಾರ ಹೋಯಿತೋ ಲೆಕ್ಕ ಇಟ್ಟಿಲ್ಲ. ನನ್ನ ಬಟ್ಟೆ ಒಗೆಯದೆ ಉಳಿಯಿತು, ಉತ್ತರಪತ್ರಿಕೆ ತಿದ್ದದೆ ಉಳಿಯಿತು. ನಿದ್ದೆಯಲ್ಲಿಯೂ ಮಾವ ‘ದನ ಕರು ಹಾಕ್ತಾ?’ ಎಂದು ಕೇಳುತ್ತಿದ್ದರು, ನಾನು ಜಾಗ ಬಿಡುತ್ತಿದ್ದೆ. ಆದರೆ ಅತ್ತೆ ಮತ್ತೆ ಟಿವಿಯವನಿಗೆ ಕೈಮುಗಿಯತೊಡಗಿದ್ದರು. ಅಷ್ಟು ಸಾಕೆಂದು ಬೆನ್ನಿಗೆ ಮುಲಾಮು ಹಚ್ಚಿಕೊಂಡು ಮತ್ತೆ ಹೋಗುತ್ತಿದ್ದೆ.

ಮೊನ್ನೆ ಕೊನೆಯದೊಂದು ಉಳಿದಿತ್ತು. ಅದರಲ್ಲಿ ಮಾವ ಊರಿನ ಸುದ್ದಿಯೆಲ್ಲ ಕೇಳಿದ ಮೇಲೆ ಒಂದು ಸಲ ಕೆಮ್ಮಿ, ಸಣ್ಣ ಸ್ವರದಲ್ಲಿ ಹೇಳಿದರು.

‘ಹೆಣೇ, ಒಂದ್ ಮಾತ್ ಕೇಂತೆ. ಇಲ್ಲಿ ನಂಗ್ ಸಾಕಾಯ್ತ್. ನಾನ್ ಊರಿಗ್ ಬಂದ್‌ಬಿಡ್ಲಾ?’

ನಿಲ್ಲಿಸಿದೆ. ಅತ್ತೆ ಮಾತಾಡಲಿಲ್ಲ. ಸಿಟ್ಟಿನ ಮುಖವೂ ಅಲ್ಲ.

‘ಇದಕ್ಕೆ ಆಗ ಎಂತ ಹೇಳಿದ್ರಿ ಅತ್ತೆ?’

‘ಮಕ್ಕಳ್ ಓದ್ ಮುಗಿಲಿ, ಅಲ್ಲಿವರಿಗೆ ಅಲ್ಲೇ ಇರಿ ಅಂದೆ.’

ಮುಂದೆ ಹಾಕಿದೆ. ಮಾವ ಹೇಳಿದರು, ‘ಅಡ್ಡಿಲ್ಲೆ. ನೀ ಹೇಳುದ್ ಸಮಾ ಇತ್ತ್. ಮಕ್ಕಳ್ ಓದ್ ಮುಗಿವರಿಗ್ ಇಲ್ಲೇ ಇರ್ತೆ.’

ಅತ್ತೆ ಉತ್ತರ ಹೇಳುವ ಎಷ್ಟೋ ದಿನ ಮೊದಲೇ, ಅಷ್ಟು ದೂರದಲ್ಲಿ ಕೂತು, ಮಾವ ಆ ಉತ್ತರ ಕೇಳಿಸಿಕೊಂಡಿದ್ದರು.

‘ಆವತ್ತ್ ನಂಗ್ ನೆಗಿ ಬಂದಿತ್ತ್ ಮಗಾ’ ಎಂದರು ಅತ್ತೆ. ‘ನಾನ್ ಹೇಳಿ ಮುಗ್ಸುದಕ್ಕೂ ಅವ್ರ್ ಅಡ್ಡಿಲ್ಲೆ ಅಂಬುದಕ್ಕೂ ಸಮಾ ಆಯ್ತ್. ನನ್ ಮನ್ಸ್ ಇವ್ರಿಗ್ ಎಷ್ಟ್ ಗೊತ್ತಿತ್ತ್ ಕಾಣ್ ಅಂದ್ಕಂಡ್ ಊರೆಲ್ಲಾ ಹೇಳ್ಕಂಡ್ ಬಂದೆ.’ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. ‘ಅಷ್ಟ್ ಗೊತ್ತಿಲ್ದೇ ಇದ್ದಿರೆ ಬತ್ತಿದ್ರೋ ಏನೋ.’

ಮಾವ ಬಂದದ್ದು ಅದಾಗಿ ಬಹಳ ವರ್ಷದ ಮೇಲೆ, ಎರಡು ಮಳೆಗಾಲಕ್ಕೂ ಸಾಲದಷ್ಟು ದಿನಕ್ಕೆ.

‘ಇನ್ನೊಂದ್ ಸಲ ಹಾಕ್’ ಎಂದರು.

ಹಾಕಿದೆ. ‘ನಾನ್ ಊರಿಗ್ ಬಂದ್‌ಬಿಡ್ಲಾ?’

‘ಬನ್ನಿ’ ಎಂದರು ಅತ್ತೆ.

ಅವರ ಮಾತು ಮುಗಿಯುವ ಮೊದಲೇ ಮಾವ ‘ಅಡ್ಡಿಲ್ಲೆ. ನೀ ಹೇಳುದ್ ಸಮಾ ಇತ್ತ್. ಮಕ್ಕಳ್ ಓದ್ ಮುಗಿವರಿಗ್ ಇಲ್ಲೇ ಇರ್ತೆ’ ಎಂದುಬಿಟ್ಟರು. ನಾನು ಗಡಬಡಿಸಿ ನಿಲ್ಲಿಸಿದೆ.

‘ಅತ್ತೆ, ಅದೊಂದು ಮಾತು ತೆಗೆಯಲಾ? ಗೊತ್ತೇ ಆಗುವುದಿಲ್ಲ.’

ಅತ್ತೆ ಸ್ವಲ್ಪ ಯೋಚಿಸಿ ತಲೆಯಾಡಿಸಿದರು.

‘ಬ್ಯಾಡ. ಅವ್ರ್ ಹೇಳಿದ್ ಅಲ್ದಾ, ಇರ್ಲಿ. ಅದಕಿಂತ ಮೊದ್ಲ್ ಜಾಗ ಜಾಸ್ತಿ ಬಿಡ್ ಮಗಾ. ಅವ್ರ್ ಇನ್ನೊಂದ್ ಸಲ ಆಲೋಚ್ನಿ ಮಾಡ್ಲಿ.’

ಬಿಟ್ಟೆ. ಬಿಡುತ್ತಲೇ ಹೋದೆ. ಸಾಕು ಎಂದು ಅವರು ಹೇಳಲಿಲ್ಲ, ಸಾಕಾ ಎಂದು ನಾನೂ ಕೇಳಲಿಲ್ಲ.